ಕೊನೆಯ ನುಡಿಯಲ್ಲಿ ಹೆಸರು

ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಕುಳಿತು ಪತ್ರ ಬರೆಯುವವನಿಗೆ ಹಾಡಿನ ಉಸಾಬರಿ ಏಕೆ ಎಂದು ಸಿಂಧನೂರಿನ ಗೆಳೆಯರು ಕೇಳುತ್ತಾರೆ. ಹಾಡು ಕೂಡ ಒಂದು ಆಸ್ತಿ, ಅದಕ್ಕೂ ಪತ್ರವಿದೆ, ಪತ್ರವಿದ್ದ ಕಡೆ ತಕರಾರೂ ಇದೆ ಎಂದು ಹೇಳಿ ಬಾಯಿ ಮುಚ್ಚಿಸುತ್ತೇನೆ. ಲಂಡನ್ನಿನ ರೇ ಎಂಬ ಗಾಯಕಿಯ ಬೆನ್ನು ಹತ್ತಿದ್ದು ಕೂಡ ಆಕೆಯ ಕರಾರಿನ ಕಥೆ ಕಿವಿಗೆ ಬಿದ್ದ ಮೇಲೆಯೇ. ದನಿ ಆಮೇಲೆ ಹಿಡಿಸಿತು.

ರೇ ಹುಟ್ಟಿದ್ದು 1997ರಲ್ಲಿ, ದಕ್ಷಿಣ ಲಂಡನ್ನಿನ ಟೂಟಿಂಗ್‌ನಲ್ಲಿ. ತಂದೆತಾಯಿ ಇಟ್ಟ ಹೆಸರು ರೇಚೆಲ್ ಅಗಾಥಾ ಕೀನ್. ತಂದೆ ಇಂಗ್ಲೆಂಡಿನವರು, ತಾಯಿಯದು ಘಾನಾ ಮತ್ತು ಸ್ವಿಟ್ಜರ್ಲೆಂಡಿನ ಮೂಲ. ಬೆಳೆದದ್ದು ಕ್ರಾಯ್ಡನ್‌ನಲ್ಲಿ. ಸಂಗೀತ, ನಾಟಕ ಕಲಿಸುವುದಕ್ಕೆ ಹೆಸರಾದ ಅಲ್ಲಿನ ಬ್ರಿಟ್ ಶಾಲೆಗೆ ಸೇರಿ, ಮುಗಿಸದೆ ಹೊರಬಂದಳು. 2014ರಲ್ಲಿ, ಹದಿನೇಳರ ಆಸುಪಾಸಿನಲ್ಲಿ, ದೊಡ್ಡ ಧ್ವನಿಮುದ್ರಣ ಕಂಪನಿಯೊಂದರ ನಾಲ್ಕು ಆಲ್ಬಮ್‌ಗಳ ಕರಾರಿಗೆ ರುಜು ಹಾಕಿದಳು. ಆ ವಯಸ್ಸಿನ ಹುಡುಗಿ ನಮ್ಮ ಕಚೇರಿಗೆ ಬಂದರೆ ಮೈನರ್ ಎಂದು ಪತ್ರವನ್ನೇ ಮುಟ್ಟುವುದಿಲ್ಲ. ಆಯಾ ದೇಶದ ಕಾನೂನು ಆಯಾ ದೇಶಕ್ಕೆ.

ಮುಂದಿನ ಏಳು ವರ್ಷ ಆಕೆ ಕೈಕಟ್ಟಿ ಕೂರಲಿಲ್ಲ. ಜ್ಯಾಕ್ಸ್ ಜೋನ್ಸ್ ಎಂಬ ನಿರ್ಮಾಪಕನಿಗೆ ಹಾಡಿದ, ಹೌಸ್ ಎಂಬ ಕುಣಿತದ ಸಂಗೀತದ ಗೀತೆಯೊಂದು 2016ರ ಕೊನೆಗೆ ಹೊರಬಂದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೂರನೆಯ ಸ್ಥಾನ ಮುಟ್ಟಿತು. ಜೋನಸ್ ಬ್ಲೂ, ಜೋಯೆಲ್ ಕೋರಿ, ಡೇವಿಡ್ ಗೆಟ್ಟಾ ಹೀಗೆ ಒಬ್ಬರಾದ ಮೇಲೊಬ್ಬರು ಡಿಜೆಗಳು ಆಕೆಯ ದನಿಯನ್ನು ತಮ್ಮ ತಾಳದ ಮೇಲೆ ಕೂರಿಸಿಕೊಂಡರು. ಬಿಯಾನ್ಸೆ, ಚಾರ್ಲಿ ಎಕ್ಸ್‌ಸಿಎಕ್ಸ್ ಅಂಥವರ ಹಾಡುಗಳ ರಚನೆಯಲ್ಲಿ ಆಕೆಯ ಕೈಯಿತ್ತು. ಕ್ಲಬ್ಬುಗಳಲ್ಲಿ, ಕಾರುಗಳಲ್ಲಿ, ಜಿಮ್‌ಗಳಲ್ಲಿ ಆ ದನಿ ಕೇಳದ ದಿನವಿರಲಿಲ್ಲ ಎನ್ನಬೇಕು. ಆದರೆ ಹಾಡಿನ ಮೇಲೆ ಮೊದಲು ಡಿಜೆಯ ಹೆಸರು, ಆಮೇಲೆ ಇವಳದು. ತನ್ನದೇ ಹೆಸರಿನ ಪೂರ್ಣ ಆಲ್ಬಮ್ ಒಂದೂ ಇಲ್ಲ. 2021ರ ಜೂನ್‌ನಲ್ಲಿ ಆಕೆ ಟ್ವಿಟರ್‌ನಲ್ಲಿ ಎಲ್ಲರೆದುರು ಹೇಳಿಬಿಟ್ಟಳು: 2014ರಿಂದ ನಾಲ್ಕು ಆಲ್ಬಮ್‌ಗಳ ಕರಾರಿನಲ್ಲಿದ್ದೇನೆ, ಒಂದನ್ನೂ ಬಿಡುಗಡೆ ಮಾಡಲು ಬಿಟ್ಟಿಲ್ಲ. ಮರುತಿಂಗಳೇ ಕಂಪನಿ ಮತ್ತು ಆಕೆ ಬೇರೆಯಾದರು.

ಆಮೇಲಿನದು ಪತ್ರಿಕೆಗಳಲ್ಲಿ ಬಂದ ಕಥೆ. ಆಕೆ ಸ್ವತಂತ್ರವಾಗಿ ಹೊರತಂದ ಹಾಡೊಂದು 2023ರ ಜನವರಿಯಲ್ಲಿ ಬ್ರಿಟನ್ನಿನ ಪಟ್ಟಿಯ ತುದಿಗೇರಿತು. ಫೆಬ್ರುವರಿಯಲ್ಲಿ ಮೊದಲ ಆಲ್ಬಮ್ ಬಂತು. 2024ರ ಮಾರ್ಚ್‌ನಲ್ಲಿ ಬ್ರಿಟ್ ಪ್ರಶಸ್ತಿ ಸಮಾರಂಭದಲ್ಲಿ ಒಂದೇ ರಾತ್ರಿ ಆರು ಪ್ರಶಸ್ತಿ. ಒಂದೇ ವರ್ಷ ಅಷ್ಟನ್ನು ಅದುವರೆಗೆ ಯಾರೂ ಪಡೆದಿರಲಿಲ್ಲ. ವರ್ಷದ ಗೀತರಚನೆಕಾರರ ಪ್ರಶಸ್ತಿಯೂ ಅದರಲ್ಲಿತ್ತು, ಅದು ಹೆಣ್ಣೊಬ್ಬಳಿಗೆ ಸಂದದ್ದು ಅದೇ ಮೊದಲು. ಅಜ್ಜಿಯನ್ನು ವೇದಿಕೆಗೆ ಕರೆತಂದು ಪಕ್ಕದಲ್ಲಿ ನಿಲ್ಲಿಸಿಕೊಂಡು ಅತ್ತಳು. ಅಮೆರಿಕದ ಗ್ರ್ಯಾಮಿಯವರು 2025ರ ಪ್ರಶಸ್ತಿಗೆ ಆಕೆಯನ್ನು ಅತ್ಯುತ್ತಮ ಹೊಸ ಕಲಾವಿದರ ಸಾಲಿಗೆ ಹೆಸರಿಸಿದರು. ಹತ್ತು ವರ್ಷ ಹಾಡಿದ ಮೇಲೆ ಹೊಸಬಳು! ನಮ್ಮ ಕಡೆ ಮೂವತ್ತು ವರ್ಷ ಬಣ್ಣ ಹಚ್ಚಿದ ನಾಟಕದವರಿಗೆ ಯುವ ಪ್ರತಿಭೆ ಎಂದು ಶಾಲು ಹೊದಿಸುವುದನ್ನು ಕಂಡವರಿಗೆ ಇದು ಅಷ್ಟೇನೂ ವಿಚಿತ್ರ ಎನಿಸುವುದಿಲ್ಲ.

ಕಸುಬಿನ ಕಣ್ಣಿನಿಂದ ನೋಡಿದರೆ ಇಲ್ಲಿ ಕುತೂಹಲದ ಸಂಗತಿ ಬೇರೆಯೇ ಇದೆ. ಒಂದು ಹಾಡಿನಲ್ಲಿ ಎರಡು ಆಸ್ತಿಗಳಿರುತ್ತವೆ. ಮಾತು ಮತ್ತು ಧಾಟಿ ಒಂದು, ಅದನ್ನು ಹಾಡಿ ನುಡಿಸಿ ಸಿದ್ಧಪಡಿಸಿದ ಧ್ವನಿಮುದ್ರಣ ಇನ್ನೊಂದು. ಮೊದಲನೆಯದನ್ನು ಹೊಲ ಎನ್ನಿ, ಎರಡನೆಯದನ್ನು ಅದರಲ್ಲಿ ಬೆಳೆದ ಬೆಳೆ ಎನ್ನಿ. ಬರೆದವರದು ಹೊಲ, ಬೀಜ ಗೊಬ್ಬರಕ್ಕೆ ದುಡ್ಡು ಹಾಕಿದ ಕಂಪನಿಯದು ಬೆಳೆ. ಹೊಲ ನಿಮ್ಮದೇ ಆದರೂ ಯಾವಾಗ ಕೊಯ್ಯಬೇಕು, ಯಾವ ಪೇಟೆಗೆ ಸಾಗಿಸಬೇಕು, ಸಾಗಿಸದೆ ಗೋದಾಮಿನಲ್ಲೇ ಇಡಬೇಕೇ ಎನ್ನುವುದು ಬೆಳೆಯ ಒಡೆಯನ ಇಷ್ಟ. ರೇಯ ಆಲ್ಬಮ್‌ಗಳು ಆ ಗೋದಾಮಿನಲ್ಲಿ ಉಳಿದುಹೋದವು. ಬ್ರಿಟಿಷ್ ಸಂಸತ್ತಿನ ಸಮಿತಿಯೊಂದು ಇಂಟರ್ನೆಟ್‌ನಲ್ಲಿ ಹಾಡು ಕೇಳಿಸುವ ಸ್ಟ್ರೀಮಿಂಗ್ ವ್ಯವಹಾರದ ಬಗ್ಗೆ ವಿಚಾರಣೆ ನಡೆಸಿ 2021ರಲ್ಲಿ ವರದಿ ಕೊಟ್ಟಿತು. ಆಗ ಚರ್ಚೆಗೆ ಬಂದ ಸ್ಥೂಲ ಲೆಕ್ಕದ ಪ್ರಕಾರ ಕೇಳುಗರಿಂದ ಬರುವ ಪ್ರತಿ 100ರಲ್ಲಿ ಸುಮಾರು 30 ಸ್ಟ್ರೀಮಿಂಗ್ ಕಂಪನಿಗೆ, 55 ಧ್ವನಿಮುದ್ರಣದ ಒಡೆಯರ ಕಡೆಗೆ, 15 ಹಾಡು ಬರೆದವರ ಕಡೆಗೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಗದ್ದೆಯನ್ನು ಪಾಲಿಗೆ ಕೊಟ್ಟ ಯಾವ ರೈತನೂ ಇಂಥ ಪಾಲಿಗೆ ಹೆಬ್ಬೆಟ್ಟು ಒತ್ತುವುದಿಲ್ಲ.

ಹೌಸ್ ಸಂಗೀತದಲ್ಲಿ ದನಿಯೊಡತಿಯ ಹೆಸರು ಹಿಂದೆ ಬೀಳುವುದು ಇಂದು ನಿನ್ನೆಯ ಮಾತಲ್ಲ. ಈ ಸಂಗೀತ ಹುಟ್ಟಿದ್ದು 1980ರ ದಶಕದ ಆರಂಭದ ಶಿಕಾಗೋದಲ್ಲಿ. 1979ರ ಜುಲೈನಲ್ಲಿ ಅದೇ ಊರಿನ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ಹಾಡುಗಳ ಗ್ರಾಮಫೋನ್ ತಟ್ಟೆಗಳನ್ನು ರಾಶಿ ಹಾಕಿ ಸ್ಫೋಟಿಸಿದ್ದರು. ರೇಡಿಯೋದವರು ಡಿಸ್ಕೋವನ್ನು ಕೈಬಿಟ್ಟರು. ಕೈಬಿಡದವರು ವೇರ್‌ಹೌಸ್ ಎಂಬ ಕ್ಲಬ್ಬಿನಲ್ಲಿ ರಾತ್ರಿಯಿಡೀ ಕುಣಿಯುತ್ತಿದ್ದ ಕಪ್ಪು ಜನ, ಲ್ಯಾಟಿನೋಗಳು, ಸಲಿಂಗಿಗಳು. ಅಲ್ಲಿ ತಟ್ಟೆ ತಿರುಗಿಸುತ್ತಿದ್ದವರು ಫ್ರ್ಯಾಂಕಿ ನಕಲ್ಸ್. ಹಳೆಯ ಹಾಡುಗಳನ್ನು ಕತ್ತರಿಸಿ, ಉದ್ದ ಮಾಡಿ, ಕೆಳಗೆ ಯಂತ್ರದ ಡ್ರಮ್ ಸೇರಿಸಿ ನುಡಿಸಿದರು. ನಾಲ್ಕು ಮಾತ್ರೆಗೆ ನಾಲ್ಕು ದೊಡ್ಡ ಪೆಟ್ಟು, ಎರಡು ಪೆಟ್ಟುಗಳ ನಡುವಿನ ಸಂದಿಗೆ ತಾಳದಂತೆ ಚಿಕ್ಕದೊಂದು ಸದ್ದು, ನಿಮಿಷಕ್ಕೆ 120ರಿಂದ 130 ಪೆಟ್ಟು. ಜಪಾನಿನ ರೋಲ್ಯಾಂಡ್ ಕಂಪನಿ 1983ರಲ್ಲಿ ಹೊರತಂದ ಟಿಆರ್-909 ಎಂಬ ಡ್ರಮ್ ಯಂತ್ರದ ಆ ದಪ್ಪ ಪೆಟ್ಟನ್ನು ಇವತ್ತು ಸಿಂಧನೂರಿನ ಗಣೇಶನ ಮೆರವಣಿಗೆಯಲ್ಲೂ ಎದೆಯಲ್ಲಿ ಕೇಳಬಹುದು. ಕಿವಿಯಲ್ಲಿ ಎಂದು ಬರೆಯಲು ಹೋಗಿದ್ದೆ; ಟ್ರ್ಯಾಕ್ಟರ್ ಟ್ರೇಲರ್ ತುಂಬ ಸ್ಪೀಕರ್ ಪೇರಿಸಿಕೊಂಡು ಡಿಜೆ ಬಂದಾಗ ಕಿವಿಗಿಂತ ಮೊದಲು ಎದೆಗೂಡಿಗೇ ಗೊತ್ತಾಗುವುದು. ರಾತ್ರಿ ಹತ್ತಾಯಿತೆಂದು ಪೊಲೀಸರು ಬಂದು ಜನರೇಟರ್ ನಿಲ್ಲಿಸುವವರೆಗೂ ನಮ್ಮ ಓಣಿಯ ಕಿಟಕಿ ಗಾಜುಗಳಿಗೆ ಬಿಡುವಿರುವುದಿಲ್ಲ.

ಈ ಸಂಗೀತ ತುಂಡುಗಳಿಂದ ಕಟ್ಟಿದ್ದು. ಚರ್ಚಿನಲ್ಲಿ ಹಾಡಿ ಪಳಗಿದ ಹೆಂಗಸರ ತುಂಬುದನಿಯ ಒಂದು ಸಾಲನ್ನು ಎತ್ತಿಕೊಂಡು ಮತ್ತೆ ಮತ್ತೆ ತಿರುಗಿಸಿದರೆ ಅರ್ಧ ಕೆಲಸ ಆದಂತೆ. ಆ ಸಾಲು ಯಾರದು ಎಂದು ಕುಣಿಯುವವರು ಕೇಳುವುದಿಲ್ಲ, ಮಾರುವವರು ಹೇಳುವುದಿಲ್ಲ. 1989ರಲ್ಲಿ ಬ್ಲ್ಯಾಕ್ ಬಾಕ್ಸ್ ಎಂಬ ಇಟಲಿಯ ತಂಡದ ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಅದರಲ್ಲಿನ ದನಿ ಲೊಲೀಟಾ ಹಾಲೋವೇ ಎಂಬ ಶಿಕಾಗೋದ ಗಾಯಕಿಯ ಹಳೆಯ ಡಿಸ್ಕೋ ಹಾಡಿನಿಂದ ಎತ್ತಿದ್ದು. ಟಿವಿಯಲ್ಲಿ ತುಟಿ ಆಡಿಸಿದ್ದು ಒಬ್ಬ ರೂಪದರ್ಶಿ. ಅದೇ ತಂಡಕ್ಕೆ ಹಾಡಿದ ಮಾರ್ಥಾ ವಾಷ್ ಎಂಬಾಕೆಯ ಪಾಡು ಇನ್ನೂ ಸೊಗಸು. ದಪ್ಪ ಮೈಯ ಹೆಂಗಸು, ಸಿಡಿಲಿನಂಥ ದನಿ. 1990ರಲ್ಲಿ ಸಿ ಆ್ಯಂಡ್ ಸಿ ಮ್ಯೂಸಿಕ್ ಫ್ಯಾಕ್ಟರಿ ಎಂಬ ಇನ್ನೊಂದು ತಂಡಕ್ಕೂ ಹಾಡಿದಳು, ಆ ವಿಡಿಯೋದಲ್ಲೂ ತುಟಿ ಆಡಿಸಿದ್ದು ಬೇರೊಬ್ಬ ತೆಳ್ಳಗಿನ ಹುಡುಗಿ. ಮಾರ್ಥಾ ಸುಮ್ಮನಿರಲಿಲ್ಲ, ನ್ಯಾಯಾಲಯದ ಮೆಟ್ಟಿಲು ಹತ್ತಿದಳು. ಆ ದಾವೆಗಳು ರಾಜಿಯಾದ ಮೇಲೆಯೇ ಅಮೆರಿಕದ ಧ್ವನಿಮುದ್ರಣ ಲೋಕದಲ್ಲಿ ಹಾಡಿದವರ ಹೆಸರು ಹಾಕುವ ರೂಢಿ ಗಟ್ಟಿಯಾಯಿತು. ರೇಯ ಹೆಸರು ಡಿಜೆಯ ಹೆಸರಿನ ಹಿಂದಾದರೂ ಬಂತಲ್ಲ, ಅದರ ಹಿಂದೆ ಈ ಹೆಂಗಸಿನ ಹಟವಿದೆ.

ನಮ್ಮ ದೇಶದಲ್ಲೂ ಇಂಥದ್ದೊಂದಿದೆ. ಮುಂಬಯಿಯ ಸಿನಿಮಾ ವಾದ್ಯಗಾರ ಚರಣಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಯಂತ್ರಗಳನ್ನಿಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ಪೆಟ್ಟಿನ ಮೇಲೆ ನುಡಿಸಿದರು. ಶಿಕಾಗೋದವರು ಅದೇ ಯಂತ್ರಗಳಿಂದ ಅದೇ ಬಗೆಯ ಸದ್ದು ಹೊರಡಿಸುವುದಕ್ಕೂ ಮೊದಲು. ತಟ್ಟೆ ಖರ್ಚಾಗಲಿಲ್ಲ. 2010ರಲ್ಲಿ ಅದು ಮರುಮುದ್ರಣಗೊಂಡ ಮೇಲೆ ಯುರೋಪಿನವರು ಆ ಮುದುಕನನ್ನು ಹುಡುಕಿಕೊಂಡು ಬಂದರು. 2015ರಲ್ಲಿ ತೀರಿಹೋದರು.

ಇಷ್ಟೆಲ್ಲ ನಾನು ತಿಳಿದುಕೊಂಡದ್ದು ಅಕ್ಕನ ಮಗನಿಂದಾಗಿ. ಅವನು ಹಾಡು ಕಟ್ಟುತ್ತಾನೆ, ಹಾಡುತ್ತಾನೆ. ಉತ್ತರ ಕರ್ನಾಟಕದ ಯಾವ ಹಳ್ಳಿಗೆ ಹೋದರೂ ಟ್ರ್ಯಾಕ್ಟರ್‌ಗಳಲ್ಲಿ, ಟಂಟಂಗಳಲ್ಲಿ, ಮದುವೆ ಮೆರವಣಿಗೆಗಳಲ್ಲಿ ಕೇಳುವ ಜಾನಪದ ಡಿಜೆ ಹಾಡುಗಳು ಅಂತಾರಲ್ಲ, ಆ ಬಗೆಯವು. ಪಂಡಿತರು ಇವನ್ನು ಜಾನಪದವೆಂದು ಒಪ್ಪುವುದಿಲ್ಲ. ಪಾಪ್ ಎಂದು ಒಪ್ಪುವವರು ಬೆಂಗಳೂರಿನಲ್ಲಿ ಇನ್ನೂ ಹುಟ್ಟಿಲ್ಲ. ನನ್ನ ಮಟ್ಟಿಗೆ ಇದು ಅಪ್ಪಟ ಪಾಪ್ ಸಂಗೀತ: ಮೂರೂವರೆ ನಿಮಿಷ, ಒಂದು ಪ್ರೇಮಭಂಗ, ಬಾಯಲ್ಲಿ ಉಳಿಯುವ ಒಂದು ಪಲ್ಲ, ಕೆಳಗೆ ಬಿಡದೆ ಬಡಿಯುವ ಬೀಟು.

ಗಂಗಾವತಿ ರಸ್ತೆಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿಯೊಂದರ ಮಹಡಿಯ ಮೇಲೆ ಅವನು ಹಾಡುವ ಸ್ಟುಡಿಯೋ ಇದೆ. ಒಮ್ಮೆ ಕರೆದುಕೊಂಡು ಹೋಗಿದ್ದ. ಒಂದು ಕೋಣೆ, ಗೋಡೆಗೆ ಹಳೆಯ ಜಮಖಾನೆ, ಬಾಗಿಲಿಗೆ ಮೊಟ್ಟೆಯ ಟ್ರೇಗಳು. ಮೈಕಿನ ಮುಂದೆ ಕಸೂತಿ ಹಾಕುವ ಮರದ ರಿಂಗಿಗೆ ಬಿಗಿದ ನೈಲಾನ್ ಬಟ್ಟೆ. ಹಾಡುವಾಗ ಪಕಾರ ಬಕಾರಗಳ ಉಸಿರು ಮೈಕಿಗೆ ಬಡಿಯದಿರಲೆಂದು ಆ ಉಪಾಯ. ರೆಕಾರ್ಡಿಂಗ್ ಶುರುವಾಗುವ ಮೊದಲು ಫ್ಯಾನ್ ನಿಲ್ಲಿಸಬೇಕು, ಕೆಳಗಿನ ಅಂಗಡಿಯವನಿಗೆ ಕೂಗಿ ಹೇಳಿ ಗ್ರೈಂಡರ್ ನಿಲ್ಲಿಸಬೇಕು. ರಾಯಚೂರು ಜಿಲ್ಲೆಯ ಏಪ್ರಿಲ್ ತಿಂಗಳಲ್ಲಿ ಫ್ಯಾನ್ ಇಲ್ಲದ ಮುಚ್ಚಿದ ಕೋಣೆಯಲ್ಲಿ ನಿಂತು ಪ್ರೀತಿಯ ಹಾಡು ಹಾಡುವುದು ಹುಡುಗಾಟವಲ್ಲ. ಹುಡುಗ ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ನಿಂತು, ಒಂದು ಕಿವಿಗೆ ಹೆಡ್‌ಫೋನ್ ಒತ್ತಿ ಹಿಡಿದು ಹಾಡಿದ. ರೆಕಾರ್ಡಿಸ್ಟ್ ಕಂಪ್ಯೂಟರಿನ ಪರದೆಯಲ್ಲಿ ಮೂಡುವ ಹಸಿರು ಗೀಟುಗಳನ್ನೇ ನೋಡುತ್ತಿದ್ದ. ಒಂದೆರಡು ಕಡೆ ಶ್ರುತಿ ಜಾರಿದಾಗ ನಾನು ಮುಖ ಗಂಟಿಕ್ಕಿದೆ. ಅವನು ತಲೆ ಎತ್ತದೆ, ಅದನ್ನು ಸರಿ ಮಾಡಬಹುದು ಸರ್, ಉಸಿರು ಮಾತ್ರ ಮಾಡಲು ಬರುವುದಿಲ್ಲ ಎಂದ. ಹಲಗೆಯ ಸದ್ದು, ಡೊಳ್ಳಿನ ಸದ್ದು ಎಲ್ಲ ಕಂಪ್ಯೂಟರಿನೊಳಗೇ ಸಿದ್ಧವಾಗಿದ್ದವು. ಬಾಗಲಕೋಟೆಯ ಕಡೆಯ ಯಾವುದೋ ಡೊಳ್ಳಿನ ಮೇಳದಿಂದ ಎತ್ತಿದ್ದಂತೆ. ಅವರ ಹೆಸರು ಕೇಳಿದೆ. ನಕ್ಕ.

ಹಾಡಿನ ಕೊನೆಯ ನುಡಿಯಲ್ಲಿ ಹುಡುಗ ತನ್ನ ಊರಿನ ಹೆಸರು, ಊರ ದೇವರ ಹೆಸರು, ತನ್ನ ಹೆಸರು ಮೂರನ್ನೂ ತಂದು ಕೂರಿಸಿದ್ದ. ಇದು ಅವನು ಕಂಡುಹಿಡಿದ ಉಪಾಯವೇನಲ್ಲ. ಗೀಗೀ ಪದದವರು, ಲಾವಣಿಯವರು, ಮೊಹರಂನಲ್ಲಿ ರಿವಾಯತ್ ಪದ ಹಾಡುವವರು ಎಲ್ಲರೂ ಮಾಡುತ್ತ ಬಂದದ್ದೇ. ಇಂಥ ಊರು, ಇಂಥ ಗುರು, ಇಂಥ ಕವಿ ಮಾಡಿದ ಪದ ಎಂದು ಕೊನೆಗೆ ಹೇಳಿ ಕೈಮುಗಿಯುತ್ತಾರೆ. ನಾವು ಪತ್ರದ ಕೊನೆಗೆ ಬಿಕ್ಕಲಂ ಎಂದು ಬರೆದು ರುಜು ಮಾಡುತ್ತೇವೆ, ಈ ಆಸ್ತಿ ನನ್ನದಲ್ಲ, ಬರೆದ ಕೈ ಮಾತ್ರ ನನ್ನದು ಎಂದು.

ಇನ್ನೂ ಹಿಂದೆ ಹೋದರೆ ನಮ್ಮ ಜಿಲ್ಲೆಯೇ ಈ ವಿದ್ಯೆಯ ತವರು. ರಾಯಚೂರಿಗೆ ಹೋಗುವ ದಾರಿಯಲ್ಲಿ ಸಿಗುವ ಮಾನ್ವಿ ಜಗನ್ನಾಥದಾಸರ ಊರು. ಅದೇ ತಾಲ್ಲೂಕಿನ ಚೀಕಲಪರವಿ ವಿಜಯದಾಸರದು. ವಿಜಯವಿಠ್ಠಲ, ಗೋಪಾಲವಿಠ್ಠಲ, ಜಗನ್ನಾಥವಿಠ್ಠಲ: ಒಬ್ಬೊಬ್ಬರಿಗೆ ಒಂದೊಂದು ಅಂಕಿತ. ಅದನ್ನು ತಾವಾಗಿ ಇಟ್ಟುಕೊಳ್ಳುವಂತಿಲ್ಲ, ಗುರು ಕೊಡಬೇಕು. ವಿಜಯದಾಸರಿಂದ ಗೋಪಾಲದಾಸರಿಗೆ, ಗೋಪಾಲದಾಸರಿಂದ ಜಗನ್ನಾಥದಾಸರಿಗೆ ಎಂದು ಪರಂಪರೆಯೇ ಇದೆ. ದಾಸರು ವಿನಯದಿಂದ ತಮ್ಮ ಹೆಸರು ಬಿಟ್ಟು ದೇವರ ಹೆಸರು ಹಾಕಿದರು. ಆದರೆ ಇನ್ನೂರೈವತ್ತು ವರ್ಷ ಕಳೆದ ಮೇಲೂ, ಓಲೆ ಕಳೆದುಹೋಗಿ ಬರೀ ಬಾಯಲ್ಲಿ ಉಳಿದ ಪದವನ್ನು ಯಾರೋ ಗುನುಗಿದರೆ, ಕೊನೆಯ ಸಾಲು ಬಂದಾಗ ಇದು ಮಾನ್ವಿಯದು ಎಂದು ತಿಳಿಯುತ್ತದೆ. ಹರಪನಹಳ್ಳಿ ಭೀಮವ್ವನ ಪದಗಳನ್ನು ನನ್ನ ಅಜ್ಜಿ ಒಲೆಯ ಮುಂದೆ ಹಾಡುತ್ತಿದ್ದಳು. ಪುಸ್ತಕ ಮುಟ್ಟಿದವಳಲ್ಲ, ಆದರೂ ಭೀಮೇಶಕೃಷ್ಣ ಎಂಬ ಅಂಕಿತ ಬಿಟ್ಟು ಹಾಡು ಮುಗಿಸಿದ್ದನ್ನು ನಾನು ಕೇಳಿಲ್ಲ. ಅದು ಬಿಟ್ಟರೆ ಪದ ಅರ್ಧವಾಯಿತು ಎಂದೇ ಅವಳ ಲೆಕ್ಕ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ ಎನ್ನಿ. ದೊಡ್ಡವರ ಅಂಕಿತವನ್ನು ತಮ್ಮ ಪದಕ್ಕೆ ಅಂಟಿಸಿ ಹರಿಯಬಿಟ್ಟವರು ಇದ್ದರು. ಪುರಂದರವಿಠ್ಠಲ ಎಂದು ಕೊನೆಯಾಗುವ ಪದಗಳಲ್ಲಿ ನಿಜಕ್ಕೂ ಪುರಂದರದಾಸರವು ಯಾವುವು ಎಂದು ವಿದ್ವಾಂಸರು ಇಂದಿಗೂ ಜಗಳವಾಡುತ್ತಾರೆ. ಖೊಟ್ಟಿ ದಸ್ತಾವೇಜು ನಮ್ಮ ಕಸುಬಿಗೆ ಮಾತ್ರ ಬಂದ ರೋಗವಲ್ಲ.

ಹೆಸರಿನ ಮಾತು ಬಂದಾಗ ಮಸ್ಕಿಯನ್ನು ದಾಟಿ ಹೋಗಲಾಗುವುದಿಲ್ಲ. ಸಿಂಧನೂರಿನಿಂದ ಲಿಂಗಸುಗೂರಿನ ಕಡೆ ಹೋಗುವಾಗ ಸಿಗುವ ಊರು. ದೇಶದುದ್ದಕ್ಕೂ ಬಂಡೆಗಳ ಮೇಲೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದು ಕೆತ್ತಿಸಿದ ರಾಜ ಯಾರು ಎಂಬ ಪ್ರಶ್ನೆಗೆ 1915ರಲ್ಲಿ ಇಲ್ಲಿನ ಗುಡ್ಡದಲ್ಲಿ ಸಿಕ್ಕ ಶಾಸನ ಅಶೋಕ ಎಂದು ಸಾಕ್ಷಿ ನುಡಿಯಿತು. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಆ ಹೆಸರು ಸಿಕ್ಕಿತು. ಚಕ್ರವರ್ತಿಯ ಹೆಸರೇ ಎರಡು ಸಾವಿರ ವರ್ಷ ಪತ್ತೆಗೆ ಕಾಯಿತು ಎಂದ ಮೇಲೆ ಅಕ್ಕನ ಮಗನ ಹೆಸರಿನ ಗತಿ ಏನು?

ಅದರ ಗತಿ ಏನಾಯಿತು ಎಂದು ಹೇಳುತ್ತೇನೆ. ಹಾಡು ಒಂದು ಯೂಟ್ಯೂಬ್ ಚಾನಲ್‌ನಲ್ಲಿ ಬಂತು. ಚಾನಲ್‌ನವರು ಒಂದಿಷ್ಟು ದುಡ್ಡನ್ನು ಒಮ್ಮೆಲೇ ಕೊಟ್ಟು ಕೈ ತೊಳೆದುಕೊಂಡರು. ಕೆಳಗೆ ಸಣ್ಣಕ್ಷರದಲ್ಲಿ ಸಾಹಿತ್ಯ, ಗಾಯನ ಎಂದು ಹುಡುಗನ ಹೆಸರಿತ್ತು. ಹಾಡು ಓಡಿತು. ಓಡಿದ ಹಾಡಿಗೆ ರೀಮಿಕ್ಸ್ ತಪ್ಪುವುದಿಲ್ಲ. ಯಾರೋ ಡಿಜೆ ಅದನ್ನು ಎತ್ತಿಕೊಂಡು, ಹಲಗೆ ತೆಗೆದು, ನಾಲ್ಕು ಪೆಟ್ಟಿನ ಬೀಟು ಹಾಕಿ, ವೇಗ ಏರಿಸಿ ಹರಿಯಬಿಟ್ಟ. ನಮ್ಮ ಸಂಬಂಧಿಕರೊಬ್ಬರ ಮದುವೆಯ ಮೆರವಣಿಗೆಯಲ್ಲಿ ಅದು ಬಂದಾಗ ಹುಡುಗ ಕುಣಿಯುವವರ ನಡುವೆಯೇ ಇದ್ದ. ಪಲ್ಲ ಬಂತು, ಎಲ್ಲರೂ ಕೂಗಿದರು. ಮೊದಲ ನುಡಿ ಬಂತು. ಮತ್ತೆ ಪಲ್ಲ, ಮತ್ತೆ ಪಲ್ಲ. ಮುಂದಿನ ಹಾಡು ಶುರುವಾಯಿತು. ಊರು, ದೇವರು, ಕವಿ ಮೂವರೂ ಇದ್ದ ಕೊನೆಯ ನುಡಿ ಹಾರಿಹೋಗಿತ್ತು. ಆರಂಭಕ್ಕೆ ಮಾತ್ರ ಡಿಜೆಯ ಹೆಸರು ಯಂತ್ರದ ಗಡಸು ದನಿಯಲ್ಲಿ ಕೇಳಿತು.

ಬೇಕೆಂದೇ ಹೆಸರು ಕಿತ್ತರು ಎಂದು ಹುಡುಗ ಕುದಿಯುತ್ತಿದ್ದ. ನನಗೆ ಹಾಗೆನಿಸಲಿಲ್ಲ. ಕುಣಿತಕ್ಕೆ ಬೇಕಾದದ್ದು ಪಲ್ಲ. ಕೊನೆಯ ನುಡಿಯ ಹೊತ್ತಿಗೆ ಕುಣಿಯುವವರು ಬಳಲುತ್ತಾರೆ, ಡಿಜೆ ಮುಂದಿನ ಹಾಡಿಗೆ ಜಿಗಿಯುತ್ತಾನೆ. ನಿಂತು ಕೇಳುವವರಿಗಾಗಿ ಕಟ್ಟಿದ ಪದದಲ್ಲಿ ಕೊನೆಯ ಜಾಗ ಗೌರವದ್ದು. ಕುಣಿಯುವವರ ಹಾಡಿನಲ್ಲಿ ಮೊದಲು ಕತ್ತರಿ ಬೀಳುವುದೇ ಆ ಜಾಗಕ್ಕೆ. ಶಿಕಾಗೋದ ಲೊಲೀಟಾ ಹಾಲೋವೇಗೆ ಆದದ್ದೂ ಇದೇ ಎಂದೆ. ಅವನಿಗೆ ಆ ಹೆಸರುಗಳಲ್ಲಿ ಆಸಕ್ತಿ ಇರಲಿಲ್ಲ. ರೇಯ ಕಥೆಯನ್ನು ಮಾತ್ರ ಎರಡು ಸಲ ಹೇಳಿಸಿಕೊಂಡ. ಏಳು ವರ್ಷ, ನಾಲ್ಕು ಆಲ್ಬಮ್, ಒಂದೂ ಇಲ್ಲ, ಆಮೇಲೆ ಒಂದೇ ರಾತ್ರಿ ಆರು. ಹಾಗಾದರೆ ನಾನೂ ಚಾನಲ್ ಬಿಟ್ಟುಬಿಡುತ್ತೇನೆ ಮಾಮಾ ಎಂದ.

ಇಂಥ ಕಥೆಗಳು ಹುಡುಗರ ತಲೆಗೆ ಬೇಗ ಏರುತ್ತವೆ. ರೇ ಕಂಪನಿ ಬಿಡುವ ಹೊತ್ತಿಗೆ ಆಕೆಯ ದನಿ ಕೋಟ್ಯಂತರ ಜನರಿಗೆ ಪರಿಚಯವಾಗಿತ್ತು, ಪರಿಚಯ ಮಾಡಿಸಿದ್ದು ಅದೇ ಡಿಜೆಗಳ ಹಾಡುಗಳು. ಇತರರಿಗೆ ಬರೆದ ಹಾಡುಗಳ ಪಾಲಿನ ಹಣ ಬರುತ್ತಿತ್ತು. ಸ್ವತಂತ್ರ ಎಂದರೂ ಹಾಡನ್ನು ಜಗತ್ತಿಗೆಲ್ಲ ತಲುಪಿಸುವ ವಿತರಕರು ಜೊತೆಗಿದ್ದರು. ಬಾಗಿಲು ತೆರೆದು ಹೊರಬಂದಾಗ ಕಾಲಿಡಲು ನೆಲವಿತ್ತು. ಆ ನೆಲ ಆಕೆ ಬರೆದದ್ದರಿಂದ ಬಂತು, ಹಾಡಿದ್ದರಿಂದಲ್ಲ ಎಂದು ನನಗನಿಸುತ್ತದೆ. ಬರೀ ಗಾಯಕಿಯಾಗಿದ್ದರೆ ಮಾರ್ಥಾ ವಾಷ್‌ಳಂತೆ ವಕೀಲರನ್ನು ಹಿಡಿಯಬೇಕಿತ್ತು. ಗೆದ್ದ ಮೇಲೂ ರೇ, ಗೀತರಚನೆಕಾರರಿಗೆ ಧ್ವನಿಮುದ್ರಣದ ಗಳಿಕೆಯಲ್ಲೂ ಪಾಲು ಸಿಗಬೇಕು ಎಂದು ಕಂಪನಿಗಳನ್ನು ಕೇಳುತ್ತಲೇ ಇದ್ದಾಳೆ. ಪ್ರಶಸ್ತಿಗಿಂತ ಈ ಮಾತಿಗಾಗಿ ನನಗೆ ಆಕೆಯ ಮೇಲೆ ಗೌರವ.

ಹಾಡಿಗೆ ಹೆಸರಿರಲೇಬೇಕೇ ಎಂದು ಕೇಳುವವರೂ ಇದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ ಬುರ್ರಕಥೆಯ ಹನ್ನೆರಡು ಕಾವ್ಯಗಳನ್ನು ಬಾಯಲ್ಲೇ ಹೊತ್ತು ತಿರುಗಿದಾಕೆ. ಬರೆದಿಳಿಸಿದರೆ ಎರಡು ಲಕ್ಷ ಸಾಲು. ಅಕ್ಷರ ಕಲಿತವರಲ್ಲ. 2014ರಲ್ಲಿ ತೀರಿಕೊಂಡರು. ಆ ಕಾವ್ಯಗಳನ್ನು ಮೊದಲು ಕಟ್ಟಿದವರು ಯಾರು ಎಂದು ಯಾರೂ ಹೇಳಲಾರರು. ಬೀಸುವ ಕಲ್ಲಿನ ಪದಗಳಿಗೂ ಒಡತಿಯರಿಲ್ಲ. ತ್ರಿಪದಿ ಕಟ್ಟಿದವಳು ಹಿಟ್ಟು ಗೋರಿಕೊಂಡು ಎದ್ದು ಹೋದಳು. ಅಲ್ಲಿ ಹೆಸರಿಲ್ಲದ್ದು ಕೊರತೆ ಎನಿಸುವುದಿಲ್ಲ, ಏಕೆಂದರೆ ಅದರಿಂದ ಬೇರೆ ಯಾರೂ ದುಡ್ಡು ಎಣಿಸಲಿಲ್ಲ. ಯಾರದೂ ಅಲ್ಲದ ಹಾಡು ಎಲ್ಲರದೂ ಆಗಿತ್ತು. ಯೂಟ್ಯೂಬಿನಲ್ಲಿ ಯಾರದೂ ಅಲ್ಲದ ಹಾಡು ಎಂಬುದಿಲ್ಲ. ಕವಿ ಹೆಸರು ಬಿಟ್ಟುಕೊಟ್ಟರೆ ಅಲ್ಲಿ ಇನ್ನೊಬ್ಬರ ಹೆಸರು ಬಂದು ಕೂರುತ್ತದೆ, ಅವರ ಬ್ಯಾಂಕ್ ಖಾತೆಯ ಸಮೇತ.

ಹುಡುಗನಿಗೆ ನಾನು ತತ್ವ ಹೇಳಲಿಲ್ಲ, ಕಾಯ್ದೆ ಹೇಳಿದೆ. ಹಕ್ಕುಸ್ವಾಮ್ಯ ಕಾಯ್ದೆ 1957ರದು, ಅದಕ್ಕೆ 2012ರಲ್ಲಿ ಭಾರಿ ತಿದ್ದುಪಡಿಯಾಯಿತು. ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ರುಜು ಇರಬೇಕು, ಬಾಯಿಮಾತಿಗೆ ಬೆಲೆಯಿಲ್ಲ. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷಕ್ಕೆ ಮಾತ್ರ ಎಂದರ್ಥ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಎಲ್ಲಕ್ಕಿಂತ ಮುಖ್ಯವಾಗಿ, ಧ್ವನಿಮುದ್ರಣಕ್ಕೆ ಸೇರಿದ ಸಾಹಿತ್ಯ ಮತ್ತು ಸಂಗೀತದ ರಾಯಧನದಲ್ಲಿ ಬರೆದವರಿಗೆ ಸಮಪಾಲಿದೆ, ಅದನ್ನು ಬಿಟ್ಟುಕೊಟ್ಟೆ ಎಂದು ಬರೆದುಕೊಟ್ಟರೂ ಆ ಬರಹ ನಿಲ್ಲುವುದಿಲ್ಲ. ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕೆ ಮಾತ್ರ ವಹಿಸಬಹುದು. ಕ್ರಯ ಮಾಡಿದ ಮೇಲೂ ಪಾಲು ಉಳಿಯುವ ಇಂಥ ಆಸ್ತಿಯನ್ನು ನಾನು ನನ್ನ ಮೇಜಿನ ಮೇಲೆ ಕಂಡಿಲ್ಲ. 57ನೆಯ ಕಲಮಿನ ಪ್ರಕಾರ ಹಕ್ಕು ಮಾರಿದ ಮೇಲೂ ಇದು ನಾನು ಬರೆದದ್ದು ಎಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿಗಿದೆ. ಹಾಡಿದವರನ್ನು ಹಾಡಿದವರೆಂದು ಗುರುತಿಸಬೇಕು ಎಂದು 2012ರಲ್ಲಿ ಸೇರಿದ 38ಬಿ ಹೇಳುತ್ತದೆ. ಗೀತರಚನೆಕಾರರ ಪರವಾಗಿ ಹಣ ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಎಂಬ ಸಂಘ 1969ರಿಂದ ಇದೆ, ಸದಸ್ಯನಾಗಲು ಮುಂಬಯಿಗೆ ಹೋಗಬೇಕಾಗಿಲ್ಲ.

ಕಾಯ್ದೆ ಪುಸ್ತಕದಲ್ಲಿದೆ, ಟ್ರ್ಯಾಕ್ಟರಿನ ಹಿಂದೆ ಓಡಿ ಯಾರು ತೋರಿಸುತ್ತಾರೆ ಎಂದು ಅವನು ಕೇಳಿದ. ನ್ಯಾಯವಾದ ಮಾತು. ಆದರೂ ಈಗ ಚಾನಲ್‌ನವರು ಮೊಬೈಲಿನಲ್ಲಿ ಕಳಿಸುವ ಒಪ್ಪಂದವನ್ನು ನನಗೆ ತೋರಿಸದೆ ರುಜು ಮಾಡುವುದಿಲ್ಲ. ಮೊನ್ನೆ ಬಂದ ಒಂದರಲ್ಲಿ ಸಮಸ್ತ ಬ್ರಹ್ಮಾಂಡದಲ್ಲಿ, ಶಾಶ್ವತವಾಗಿ ಎಂದಿತ್ತು. ನಾನು ಬ್ರಹ್ಮಾಂಡ ಹೊಡೆದು ಕರ್ನಾಟಕ ಎಂದು ತಿದ್ದಿದೆ, ಶಾಶ್ವತದ ಜಾಗದಲ್ಲಿ ಮೂರು ವರ್ಷ ಬರೆದೆ. ಅವರು ಭಾರತ, ಐದು ವರ್ಷ ಎಂದು ವಾಪಸ್ ಕಳಿಸಿದರು. ಜಮೀನಿನ ದರ ಮಾತಾಡಿದಂತೆಯೇ ಆಯಿತು, ಚಹಾ ಮಾತ್ರ ಇರಲಿಲ್ಲ.

ಹುಡುಗ ತನ್ನ ಕಡೆಯಿಂದ ಇನ್ನೊಂದು ದಾರಿ ಹುಡುಕಿಕೊಂಡಿದ್ದಾನೆ. ಹೊಸ ಹಾಡಿನಲ್ಲಿ ಊರಿನ ಹೆಸರನ್ನೂ ತನ್ನ ಹೆಸರನ್ನೂ ಕೊನೆಯ ನುಡಿಯಿಂದ ಎತ್ತಿ ಪಲ್ಲದ ಎರಡನೆಯ ಸಾಲಿಗೆ ಹಾಕಿದ್ದಾನೆ, ಹುಡುಗಿ ಅವನನ್ನು ಹೆಸರು ಹಿಡಿದು ಕರೆಯುವಂತೆ. ಪಲ್ಲ ಕತ್ತರಿಸಿದರೆ ಹಾಡೇ ಇಲ್ಲ, ಈಗ ಏನು ಮಾಡುತ್ತಾರೆ ನೋಡೋಣ ಎನ್ನುತ್ತಾನೆ. ನನ್ನ ತಕರಾರಿರುವುದು ಪ್ರಾಸಕ್ಕೆ. ಎರಡನೆಯ ಅಕ್ಷರ ಕೂಡುವುದಿಲ್ಲ, ಹೆಸರಿನ ದೀರ್ಘ ಸರಿಯಾಗಿ ಪೆಟ್ಟಿನ ಮೇಲೆ ಬೀಳದೆ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ರೆಕಾರ್ಡಿಸ್ಟ್ ಅದನ್ನೂ ಯಂತ್ರದಲ್ಲಿ ಎಳೆದು ಕೂರಿಸಬಹುದು ಎಂದು ಅವನ ವಾದ. ಹೆಸರನ್ನು ಎಳೆಯುವುದು ಬೇಡ, ಸಾಲನ್ನೇ ಬದಲಿಸು ಎಂದು ನಾನು. ಮುಂದಿನ ವಾರ ರೆಕಾರ್ಡಿಂಗ್ ಇದೆ, ಅಷ್ಟರೊಳಗೆ ಎರಡು ಸಾಲು ಹೊಸೆದು ತರುತ್ತೇನೆ ಎಂದು ಹೋಗಿದ್ದಾನೆ.